ಭಾವಚಿತ್ರ ಯಾರ ಸೊತ್ತು?

ಮನುಷ್ಯನ ಮುಖವನ್ನು ಬೆಳಕಿನಿಂದ ಬರೆಯುವ ವಿದ್ಯೆ ಲೋಕಕ್ಕೆ ಪ್ರಕಟವಾಗಿ ನೂರ ಎಂಬತ್ತು ವರ್ಷಗಳ ಮೇಲಾಯಿತು. ೧೮೩೯ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದ ಸರಕಾರವು ಡಾಗೇರನ ವಿಧಾನವನ್ನು ಸಾರ್ವಜನಿಕರ ಮುಂದಿಟ್ಟಾಗ ಈ ವಿದ್ಯೆ ಕೆಲವೇ ಜನ ಕುಶಲರ ಕೈಯಲ್ಲಿದ್ದಿತು. ಇಂದಾದರೋ ಹೊಲಕ್ಕೆ ಹೊರಟ ರೈತನ ಅಂಗಿಯ ಜೇಬಿನಲ್ಲಿಯೂ, ಶಾಲೆಗೆ ಹೊರಟ ಬಾಲಕಿಯ ಚೀಲದಲ್ಲಿಯೂ ಕ್ಯಾಮೆರಾ ಇದೆ. ಚಿತ್ರವನ್ನು ತೆಗೆಯುವ ಅನುಕೂಲದೊಡನೆ ಅದನ್ನು ತೋರಿಸುವ ಅನುಕೂಲವೂ ಬೆಳೆದಿದೆ. ಬೆಳಗ್ಗೆ ತೆಗೆದ ಚಿತ್ರವು ಮಧ್ಯಾಹ್ನದ ಊಟದ ಹೊತ್ತಿಗೆ ಅಂತರಜಾಲದ ಮೂಲಕ ಏಳು ಸಮುದ್ರಗಳನ್ನು ದಾಟಿರುತ್ತದೆ. ಈ ಅಭಿವೃದ್ಧಿಯನ್ನು ಹಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಈ ಸಂಭ್ರಮದ ನಡುವೆ ಯಾರೂ ಕೇಳದ ಪ್ರಶ್ನೆಯೊಂದುಂಟು. ಚಿತ್ರದಲ್ಲಿರುವ ಮುಖ ಯಾರದು? ತೆಗೆದವನದೊ, ಹಣ ಕೊಟ್ಟವನದೊ, ಜಾಲತಾಣವನ್ನು ನಡೆಸುವ ಕಂಪೆನಿಯದೊ, ಇಲ್ಲವೆ ಆ ಮುಖವನ್ನು ಹೊತ್ತು ಊರಿನಲ್ಲಿ ಬಾಳಬೇಕಾದ ಮನುಷ್ಯನದೊ? ಚಿತ್ರವನ್ನು ತೆಗೆಯುವುದಕ್ಕೆ ಒಂದು ಒಪ್ಪಿಗೆ ಬೇಕು. ತೋರಿಸುವುದಕ್ಕೆ ಮತ್ತೊಂದು ಒಪ್ಪಿಗೆ ಬೇಕು. ಮೊದಲನೆಯದನ್ನು ಪಡೆದವನು ಎರಡನೆಯದನ್ನೂ ಪಡೆದಂತಾಗಲಿಲ್ಲವೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

ನಮ್ಮ ಭಾಷೆಯು ಈ ಕಲೆಗೆ ಇಟ್ಟಿರುವ ಹೆಸರೇ ವಿಚಾರಾರ್ಹವಾದುದು. ನಾವು ಇದನ್ನು ಮುಖಚಿತ್ರವೆನ್ನುವುದಿಲ್ಲ, ಭಾವಚಿತ್ರವೆನ್ನುತ್ತೇವೆ. ಕಣ್ಣು, ಮೂಗು, ಕಿವಿಗಳ ಲೆಕ್ಕವನ್ನು ಒಪ್ಪಿಸಿದ ಮಾತ್ರಕ್ಕೆ ಅದು ಭಾವಚಿತ್ರವಾಗದು. ಪರವಾನಗಿ ಪತ್ರಕ್ಕೆ ಅಂಟಿಸುವ ಚಿತ್ರಕ್ಕೂ, ತೀರಿಕೊಂಡ ತಾಯಿಯ ನೆನಪಿಗೆಂದು ಮಕ್ಕಳು ಗೋಡೆಯ ಮೇಲೆ ತೂಗುಹಾಕುವ ಚಿತ್ರಕ್ಕೂ ಇರುವ ಅಂತರವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಈ ಕಲೆಯ ಆರಂಭದ ದಿನಗಳಲ್ಲಿ ತಟ್ಟೆಯ ಮೇಲೆ ಬಿಂಬ ಮೂಡಲು ಬಹಳ ಹೊತ್ತು ಹಿಡಿಯುತ್ತಿತ್ತು. ಕುಳಿತವರ ತಲೆ ಅಲುಗದಂತೆ ಹಿಂದುಗಡೆಯಿಂದ ಕಬ್ಬಿಣದ ಊರೆಯನ್ನು ಕೊಡುತ್ತಿದ್ದರು. ಆ ಊರೆ ಕಾಲಕ್ರಮದಲ್ಲಿ ಮಾಯವಾಯಿತು. ಆದರೆ ಒಳ್ಳೆಯ ಛಾಯಾಗ್ರಾಹಕನಿಗೆ ಕಾಯುವ ಕೆಲಸ ಮಾತ್ರ ತಪ್ಪಲಿಲ್ಲ. ಕಿಟಕಿಯ ಬೆಳಕು ಕೆನ್ನೆಯ ಮೇಲೆ ಎಲ್ಲಿ ಬೀಳಬೇಕು, ನೆರಳು ಎಲ್ಲಿ ನಿಲ್ಲಬೇಕೆಂಬುದನ್ನು ಆತನು ಒಂದು ಗಳಿಗೆಯಲ್ಲಿ ಏರ್ಪಡಿಸಬಲ್ಲನು. ಎದುರಿಗೆ ಕುಳಿತವರ ಸಂಕೋಚವು ಕರಗಿ ಅವರ ಸ್ವಂತ ಭಾವ ಮುಖಕ್ಕೆ ಬರುವವರೆಗೆ ಮಾತ್ರ ಆತನು ಕಾದೇ ತೀರಬೇಕು. ೧೮೧೫ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬ ಮಹಿಳೆ ೪೮ನೆಯ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದು ಇಂಗ್ಲೆಂಡಿನ ವಿದ್ವಾಂಸರನ್ನೂ ತನ್ನ ಮನೆಯ ಕೆಲಸದ ಹುಡುಗಿಯರನ್ನೂ ಒಂದೇ ಶ್ರದ್ಧೆಯಿಂದ ಚಿತ್ರಿಸಿದಳು. ಚಿತ್ರಗಳು ಮಸುಕಾಗಿವೆಯೆಂದು ಅಂದಿನ ಪಂಡಿತರು ಹಳಿದರು; ಇಂದಿಗೂ ಜನ ಆ ಮುಖಗಳ ಮುಂದೆ ನಿಲ್ಲುತ್ತಾರೆ. ಇದರಿಂದ ತಿಳಿಯತಕ್ಕದ್ದೇನೆಂದರೆ, ಭಾವಚಿತ್ರದ ಮೂಲದ್ರವ್ಯ ಗಾಜೂ ಅಲ್ಲ, ಬೆಳ್ಳಿಯ ಲವಣವೂ ಅಲ್ಲ, ಇಂದಿನ ವಿದ್ಯುತ್ಕಣವೂ ಅಲ್ಲ. ಕುಳಿತವರು ತೆಗೆಯುವವನ ಮೇಲಿಟ್ಟ ವಿಶ್ವಾಸವೇ ಅದರ ಮೂಲದ್ರವ್ಯ. ವಿಶ್ವಾಸದಿಂದ ಬಂದ ವಸ್ತು ಇಟ್ಟುಕೊಂಡವನ ಕೈಯಲ್ಲಿ ನ್ಯಾಸವಾಗಿರುತ್ತದೆಯೇ ಹೊರತು ಲೂಟಿಯ ಮಾಲಾಗಿರುವುದಿಲ್ಲ.

ಚಿತ್ರವು ಎಲ್ಲರ ಕಣ್ಣಿಗೂ ಬೀಳತಕ್ಕ ವಸ್ತುವಲ್ಲವೆಂಬ ಭಾವನೆ ನಮ್ಮಲ್ಲಿ ಹೊಸದಲ್ಲ. ಕಾಳಿದಾಸನ ಶಾಕುಂತಲ ನಾಟಕದ ಆರನೆಯ ಅಂಕವನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ಪಶ್ಚಾತ್ತಾಪದಲ್ಲಿ ಬೇಯುತ್ತಿದ್ದ ದುಷ್ಯಂತನು ತಾನೇ ಬರೆದ ಶಕುಂತಲೆಯ ಚಿತ್ರವನ್ನು ವಿದೂಷಕನೊಬ್ಬನಿಗೆ ತೋರಿಸುತ್ತಿದ್ದಾಗ, ರಾಣಿ ವಸುಮತಿಯು ಬರುತ್ತಿರುವ ಸಮಾಚಾರ ತಿಳಿದೊಡನೆ ಚಿತ್ರಫಲಕವನ್ನು ಸಂರಕ್ಷಿಸೆಂದು ಮಿತ್ರನ ಕೈಗೆ ಒಪ್ಪಿಸಿ ಮರೆಗೆ ಕಳುಹಿಸುತ್ತಾನೆ. ಚಕ್ರವರ್ತಿಗೂ ತಾನು ಬರೆದ ಚಿತ್ರವನ್ನು ಮನಬಂದವರಿಗೆ ತೋರಿಸುವ ಸ್ವಾತಂತ್ರ್ಯವಿರಲಿಲ್ಲ! ಈಚಿನ ಕಾಲಕ್ಕೆ ಬಂದರೆ, ರಾಜಾ ದೀನದಯಾಳರು ೧೮೯೨ರಲ್ಲಿ ಹೈದರಾಬಾದಿನಲ್ಲಿ ಅಂತಃಪುರದ ಸ್ತ್ರೀಯರಿಗಾಗಿಯೇ ಪ್ರತ್ಯೇಕವಾದ ಚಿತ್ರಶಾಲೆಯನ್ನು ತೆರೆದು, ಅಲ್ಲಿ ಕ್ಯಾಮೆರಾ ಹಿಡಿಯುವ ಕೆಲಸವನ್ನು ಒಬ್ಬ ಆಂಗ್ಲ ಮಹಿಳೆಗೆ ವಹಿಸಿದರು. ಗೋಷಾ ಪದ್ಧತಿಯನ್ನು ನಾವು ಇಂದು ಸಮರ್ಥಿಸುವುದಿಲ್ಲ. ಆದರೆ ಯಾರು ಯಾರನ್ನು ನೋಡಬಹುದೆಂಬುದನ್ನು ಕುಳಿತವರ ಇಷ್ಟವನ್ನರಿತು ಏರ್ಪಡಿಸುವುದೂ ಛಾಯಾಗ್ರಾಹಕನ ಕರ್ತವ್ಯದಲ್ಲಿ ಸೇರಿದ್ದೆಂದು ಆ ಮಹಾಶಯರು ಗ್ರಹಿಸಿದ್ದರೆಂಬುದು ಗಮನಾರ್ಹ.

ಇದಕ್ಕೆ ತದ್ವಿರುದ್ಧವಾದ ದೃಷ್ಟಾಂತವೂ ನಮ್ಮ ದೇಶದ ಇತಿಹಾಸದಲ್ಲಿಯೇ ಇದೆ. ೧೮೫೭ರ ಮಹಾಸಂಗ್ರಾಮವನ್ನು ಅಡಗಿಸಿದ ತರುವಾಯ, ಆಳಬೇಕಾದ ಜನವನ್ನು ಗುರುತಿಟ್ಟುಕೊಳ್ಳುವ ಹವ್ಯಾಸವು ಆಂಗ್ಲ ಸರಕಾರಕ್ಕೆ ಬಲವಾಗಿ ಹಿಡಿಯಿತು. ಅದರ ಫಲವಾಗಿ ೧೮೬೮ರಿಂದ ೧೮೭೫ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥವು ಎಂಟು ಸಂಪುಟಗಳಲ್ಲಿ ಹೊರಬಂದಿತು. ಅದರಲ್ಲಿ ೪೬೮ ಛಾಯಾಚಿತ್ರಗಳು. ಅಲ್ಲಿರುವವರಲ್ಲಿ ಅನೇಕರಿಗೆ ಹೆಸರಿಲ್ಲ. ಜಾತಿಯ ಹೆಸರುಂಟು, ಬುಡಕಟ್ಟಿನ ಹೆಸರುಂಟು, ಇಂಥ ಜಾತಿಯವರು ನಂಬಿಕೆಗೆ ಅರ್ಹರು, ಇಂಥವರು ಅಲ್ಲವೆಂಬ ತೀರ್ಪೂ ಉಂಟು. ಚಿಟ್ಟೆಯನ್ನು ಸೂಜಿಯಿಂದ ಚುಚ್ಚಿ ಪೆಟ್ಟಿಗೆಯಲ್ಲಿಡುವಂತೆ ನಮ್ಮ ಹಿರಿಯರ ಮುಖಗಳನ್ನು ಹಾಳೆಗೆ ಚುಚ್ಚಿದರು. ೧೮೬೯ರಲ್ಲಿ ಲಂಡನ್ನಿನಲ್ಲಿದ್ದ ಸರ್ ಸಯ್ಯದ್ ಅಹಮದ್ ಖಾನರು ಈ ಪುಸ್ತಕವನ್ನು ಇಂಡಿಯಾ ಆಫೀಸಿನಲ್ಲಿ ಕಂಡು ನೊಂದು ಬರೆದರು. ಅದನ್ನು ನೋಡಿದ ಒಬ್ಬ ತರುಣ ಆಂಗ್ಲನು ‘ನೀನೂ ಹಿಂದುಸ್ತಾನಿಯೇ?’ ಎಂಬರ್ಥದ ಪ್ರಶ್ನೆ ಹಾಕಿದಾಗ ಅವರ ಮಗನ ಮುಖ ಲಜ್ಜೆಯಿಂದ ಕೆಂಪೇರಿತಂತೆ. ಚಿತ್ರಕ್ಕೆ ಕುಳಿತವನ ಮಾತಿಗೆ ಎಡೆಯಿಲ್ಲದೆ ತೋರಿಸಿದ ಚಿತ್ರವು ಕುಳಿತವನನ್ನು ಮಾತ್ರವಲ್ಲ, ಅವನ ನಾಡಿನವರೆಲ್ಲರನ್ನೂ ತಲೆತಗ್ಗಿಸುವಂತೆ ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಇನ್ನು ಗೌರವದಿಂದ ತೆಗೆದ ಚಿತ್ರವೆಂತಹದೆಂಬುದನ್ನು ನೋಡೋಣ. ೧೯೪೬ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಮಾರ್ಗರೆಟ್ ಬರ್ಕ್-ವೈಟ್ ಎಂಬಾಕೆ ಮಹಾತ್ಮಾ ಗಾಂಧಿಯವರ ಚಿತ್ರ ತೆಗೆಯಲು ಬಂದಳು. ಜಗತ್ಪ್ರಸಿದ್ಧಳೆಂದು ಆಕೆಗೆ ನೇರವಾಗಿ ಬಾಗಿಲು ತೆರೆಯಲಿಲ್ಲ. ಮೊದಲು ಚರಕದಲ್ಲಿ ನೂಲುವುದನ್ನು ಕಲಿಯಬೇಕೆಂದು ಮಹಾತ್ಮರ ಕಾರ್ಯದರ್ಶಿ ವಿಧಿಸಿದರು. ಚರಕವನ್ನರಿಯದವಳು ಚರಕದ ಮಗ್ಗುಲಲ್ಲಿ ಕುಳಿತವರನ್ನು ಅರಿಯುವುದೆಂತು ಎಂಬುದು ಅದರ ತಾತ್ಪರ್ಯ. ಆಕೆ ಕಲಿತಳು, ಕಣ್ಣು ಕುಕ್ಕುವ ದೀಪದ ಬಳಕೆಗೆ ಹಾಕಿದ ಮಿತಿಯನ್ನೂ ಒಪ್ಪಿದಳು. ಆ ಬಳಿಕ ತೆಗೆದ ಚಿತ್ರವನ್ನು ಇಂದು ಅರಿಯದ ದೇಶವಿಲ್ಲ. ಶರತ್ತಿಗೆ ಒಳಪಟ್ಟದ್ದರಿಂದ ಆಕೆಯ ಕಲೆಗೆ ಕುಂದು ಬಂದಿತೆಂದು ಯಾರು ಹೇಳಿಯಾರು?

ಆದರೆ ಮಹಾತ್ಮರಿಗೆ ಬಾಗಿಲು ಕಾಯುವ ಕಾರ್ಯದರ್ಶಿಗಳಿದ್ದರು. ಬಡವರಿಗೆ ಯಾರಿದ್ದಾರೆ? ಅದೇ ಅಮೆರಿಕದಲ್ಲಿ, ೧೯೩೬ರ ಮಾರ್ಚಿಯಲ್ಲಿ, ಸರಕಾರದ ಪರವಾಗಿ ಚಿತ್ರ ತೆಗೆಯುತ್ತಿದ್ದ ಡೊರೊತಿಯಾ ಲ್ಯಾಂಗ್ ಎಂಬಾಕೆ ಕ್ಯಾಲಿಫೋರ್ನಿಯದ ನಿಪೋಮೊ ಎಂಬಲ್ಲಿ ಕೂಲಿಕಾರರ ಬಿಡಾರದ ಹಸಿದ ತಾಯಿಯೊಬ್ಬಳನ್ನು ಮಕ್ಕಳ ಸಮೇತ ಚಿತ್ರಿಸಿದಳು, ಹೆಸರನ್ನು ಕೇಳಲಿಲ್ಲ. ಚಿತ್ರವು ಪತ್ರಿಕೆಯಲ್ಲಿ ಬರಲು ಸರಕಾರವು ಆ ಬಿಡಾರಕ್ಕೆ ೨೦,೦೦೦ ಪೌಂಡುಗಳಷ್ಟು ಆಹಾರವನ್ನು ಕಳುಹಿಸಿತು. ಅಷ್ಟರೊಳಗೆ ಆ ತಾಯಿ ಅಲ್ಲಿಂದ ಹೊರಟುಹೋಗಿದ್ದಳು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು ೧೯೭೮ರಲ್ಲಿ. ಆ ಚಿತ್ರವನ್ನು ತೆಗೆಯದಿದ್ದರೇ ಚೆನ್ನಾಗಿತ್ತು, ಅದರಿಂದ ತನಗೊಂದು ಕಾಸೂ ಬರಲಿಲ್ಲವೆಂದು ಆಕೆ ನೊಂದುಕೊಂಡಳು. ೧೯೮೩ರಲ್ಲಿ ಆಕೆ ಹಾಸಿಗೆ ಹಿಡಿದಾಗ ಸಾರ್ವಜನಿಕರು ೩೫,೦೦೦ ಡಾಲರುಗಳಿಗೂ ಹೆಚ್ಚಿನ ಸಹಾಯ ನೀಡಿದರೆಂಬುದನ್ನೂ, ಆ ಪತ್ರಗಳನ್ನು ಓದಿದ ಮೇಲೆಯೇ ಮಕ್ಕಳಿಗೆ ಚಿತ್ರದ ವಿಷಯದಲ್ಲಿ ಅಭಿಮಾನ ಹುಟ್ಟಿತೆಂಬುದನ್ನೂ ನಾವು ಮರೆಮಾಚುವುದಿಲ್ಲ.

ಇಂತಹುದೇ ಇನ್ನೊಂದು ಕಥೆ ನಮ್ಮ ನೆರೆಯ ದೇಶದ್ದು. ೧೯೮೪ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್ಕರಿ ತೆಗೆದ, ಹಸಿರು ಕಣ್ಣಿನ ಆಫ್ಘನ್ ಬಾಲಿಕೆಯ ಚಿತ್ರವು ೧೯೮೫ರ ಜೂನ್ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಮುಖಪುಟವಾಗಿ ಜಗತ್ತನ್ನೆಲ್ಲ ಸುತ್ತಿತು. ಆಕೆಯ ಹೆಸರು ಶರಬತ್ ಗುಲಾ ಎಂಬುದು ಲೋಕಕ್ಕೆ ಗೊತ್ತಾದದ್ದು ೨೦೦೨ರಲ್ಲಿ. ತನ್ನ ಆ ಪ್ರಸಿದ್ಧ ಚಿತ್ರವನ್ನು ಆಕೆ ಕಣ್ಣಾರೆ ಕಂಡದ್ದೂ ಆಗಲೇ. ಹದಿನೇಳು ವರ್ಷ ಜಗತ್ತೆಲ್ಲ ನೋಡಿದ ಮುಖವನ್ನು ಆ ಮುಖದ ಒಡತಿಯೇ ನೋಡಿರಲಿಲ್ಲ! ಈ ಇಬ್ಬರು ಕಲಾವಿದರ ಪ್ರತಿಭೆಯನ್ನಾಗಲಿ ಸದುದ್ದೇಶವನ್ನಾಗಲಿ ನಾವು ಶಂಕಿಸುವುದಿಲ್ಲ. ಆದರೆ ಕಲೆ ಎಷ್ಟೇ ಉನ್ನತವಾದರೂ, ಕುಳಿತವರಿಗೆ ಸಲ್ಲಬೇಕಾದ ಋಣವು ಅದರಿಂದ ತೀರಿಹೋಗದು.

ಮುದ್ರಣದ ಯುಗದಲ್ಲಿ ಈ ಋಣಕ್ಕೊಂದು ಎಲ್ಲೆಯಿದ್ದಿತು. ಮದುವೆಯ ಆಲ್ಬಮ್ಮು ಪೆಟ್ಟಿಗೆಯೊಳಗಿತ್ತು. ಹಿರಿಯರ ಚಿತ್ರ ಪಡಸಾಲೆಯ ಗೋಡೆಯ ಮೇಲಿತ್ತು. ಸ್ಟುಡಿಯೋದವರು ಗಾಜಿನ ಕಪಾಟಿನಲ್ಲಿಟ್ಟ ಚಿತ್ರವನ್ನು ಆ ಬೀದಿಯಲ್ಲಿ ನಡೆದಾಡಿದವರು ಮಾತ್ರ ನೋಡುತ್ತಿದ್ದರು. ಮನೆಯವರು ಬಂದು ಬೇಡವೆಂದರೆ ಅಂದೇ ತೆಗೆದಿಡುತ್ತಿದ್ದರು. ಅಂತರಜಾಲದಲ್ಲಿ ಹಾಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತೆಂಬ ಗಾದೆಗೆ ಇಂದು ಚಿತ್ರವನ್ನೂ ಸೇರಿಸಬೇಕಾಗಿದೆ. ಹಾಕಿದವನು ತನ್ನ ಪುಟದಿಂದ ಅಳಿಸಬಹುದು. ಅಷ್ಟರೊಳಗೆ ಇಳಿಸಿಕೊಂಡವರ ಕೈಯಿಂದ ಅಳಿಸುವವರಾರು?

ಈ ಭೀತಿ ಕಲ್ಪಿತವಾದುದಲ್ಲ. ೨೦೦೪ರಲ್ಲಿ ಆರಂಭವಾದ ಫ್ಲಿಕರ್ ಎಂಬ ತಾಣದಲ್ಲಿ ಲೋಕದ ಛಾಯಾಗ್ರಾಹಕರು ತಮ್ಮ ಕೃತಿಗಳನ್ನು ಪ್ರದರ್ಶಿಸುತ್ತ ಬಂದರು. ಬಹುಮಂದಿ ಉದಾರಬುದ್ಧಿಯಿಂದ, ಬೇಕಾದವರು ಉಪಯೋಗಿಸಿಕೊಳ್ಳಲಿ ಎಂದು ಅನುಮತಿಯನ್ನೂ ಬರೆದಿಟ್ಟರು. ೨೦೧೯ರಲ್ಲಿ ಐ.ಬಿ.ಎಂ. ಕಂಪೆನಿಯು ಅಲ್ಲಿಂದ ಬಂದ ಸುಮಾರು ೧೦ ಲಕ್ಷ ಮುಖಚಿತ್ರಗಳನ್ನು, ಯಂತ್ರಗಳಿಗೆ ಮನುಷ್ಯರ ಮುಖ ಗುರುತಿಸುವುದನ್ನು ಕಲಿಸುವ ಸಂಶೋಧನೆಗಾಗಿ ಅಳತೆಗಳೊಡನೆ ಸಿದ್ಧಪಡಿಸಿತು. ಅನುಮತಿ ಕೊಟ್ಟವರು ಚಿತ್ರ ತೆಗೆದವರು. ಅಳತೆಗೆ ಒಳಗಾದವರು ಚಿತ್ರದಲ್ಲಿದ್ದವರು. ಅವರನ್ನು ಕೇಳಿದವರೇ ಇಲ್ಲ. ಮರುವರ್ಷ ಆ ಕಂಪೆನಿಯು ಮುಖ ಗುರುತಿಸುವ ಸಾಮಾನ್ಯ ಉದ್ದೇಶದ ವ್ಯಾಪಾರದಿಂದಲೇ ಹಿಂದೆ ಸರಿಯಿತೆಂಬುದು ನಿಜ. ಆದರೆ ೨೦೨೦ರಲ್ಲಿಯೇ ಕ್ಲಿಯರ್‌ವ್ಯೂ ಎಂಬ ಇನ್ನೊಂದು ಅಮೆರಿಕನ್ ಕಂಪೆನಿಯು ಜಾಲತಾಣಗಳಿಂದ ೩೦೦ ಕೋಟಿಗೂ ಹೆಚ್ಚು ಚಿತ್ರಗಳನ್ನು ಬಾಚಿಕೊಂಡು ಪೊಲೀಸರಿಗೆ ಸೇವೆ ಮಾರುತ್ತಿದ್ದುದು ಬಯಲಾಯಿತು. ಹತ್ತೊಂಬತ್ತನೆಯ ಶತಮಾನದ ಎಂಟು ಸಂಪುಟಗಳು ಇದರ ಮುಂದೆ ಮಕ್ಕಳ ಆಟ! ಅಂದು ಸಾಮ್ರಾಜ್ಯವೊಂದು ಜಾತಿಗಳ ಪಟ್ಟಿಯನ್ನು ಮಾಡಿತು. ಇಂದು ಅಂಗಡಿಗಳು ವ್ಯಕ್ತಿಗಳ ಪಟ್ಟಿಯನ್ನು ಮಾಡುತ್ತಿವೆ. ಅಂದಿನವರನ್ನು ಹಿಡಿದು ಕೂರಿಸಬೇಕಾಗಿತ್ತು. ಇಂದು ಚಿತ್ರಗಳನ್ನು ನಾವೇ ಒಯ್ದು ಒಪ್ಪಿಸುತ್ತಿದ್ದೇವೆ.

ನಮ್ಮ ದೇಶದಲ್ಲಿ ನಡೆದುದನ್ನು ನೆನೆದರೆ ಮನಸ್ಸು ಇನ್ನೂ ಕುದಿಯುತ್ತದೆ. ೨೦೨೧ರ ಜುಲೈಯಲ್ಲಿ ಒಮ್ಮೆ, ೨೦೨೨ರ ಜನವರಿಯಲ್ಲಿ ಮತ್ತೊಮ್ಮೆ, ಕೆಲವು ದುರುಳರು ಮುಸಲ್ಮಾನ ಮಹಿಳೆಯರ ಚಿತ್ರಗಳನ್ನು ಅವರವರ ಪುಟಗಳಿಂದ ಕದ್ದು, ಹರಾಜಿಗಿಟ್ಟ ವಸ್ತುಗಳಂತೆ ಅಂತರಜಾಲದಲ್ಲಿ ಪ್ರದರ್ಶಿಸಿದರು. ಆ ಮಹಿಳೆಯರಲ್ಲಿ ಪತ್ರಿಕಾಕರ್ತೆಯರಿದ್ದರು, ಸಾರ್ವಜನಿಕ ಕಾರ್ಯದಲ್ಲಿ ನಿರತರಾದವರಿದ್ದರು. ಎರಡನೆಯ ಕೃತ್ಯದ ಸಂಬಂಧವಾಗಿ ಹಿಡಿಯಲ್ಪಟ್ಟವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬನೂ ಇದ್ದನೆಂಬುದನ್ನು ಕನ್ನಡನಾಡಿನವರು ಮರೆಯಕೂಡದು. ಅಪಮಾನವಾದದ್ದು ಒಂದು ಮತದ ಸ್ತ್ರೀಯರಿಗೆ ಮಾತ್ರವೆಂದು ಭಾವಿಸುವವರು, ಬೆಂಕಿ ನೆರೆಮನೆಗಷ್ಟೇ ಬಿದ್ದಿದೆಯೆಂದು ಮಲಗಿ ನಿದ್ರಿಸುವವರು.

ಇದನ್ನು ಕೇಳಿದೊಡನೆ, ‘ಹಾಗಾದರೆ ಹೆಣ್ಣುಮಕ್ಕಳು ತಮ್ಮ ಚಿತ್ರಗಳನ್ನು ಹಾಕುವುದೇ ಬೇಡ’ ಎಂದು ಉಪದೇಶಿಸುವ ಹಿರಿಯರು ಮುಂದೆ ಬರುತ್ತಾರೆ. ಈ ಉಪದೇಶವನ್ನು ನಾವು ಸರ್ವಥಾ ಒಪ್ಪುವುದಿಲ್ಲ. ಕಳ್ಳನಿದ್ದಾನೆಂದು ಮನೆಯವರನ್ನು ಕತ್ತಲೆಯ ಕೋಣೆಯಲ್ಲಿ ಕೂಡಿಹಾಕುವುದು ಯಾವ ನ್ಯಾಯ? ತನ್ನ ಮುಖವನ್ನು ತಾನು ತೋರಿಸುವುದೂ ತೋರಿಸದಿರುವುದೂ ಆಕೆಯ ಸ್ವಾತಂತ್ರ್ಯಕ್ಕೆ ಸೇರಿದ್ದು. ತೋರಿಸಿದ ಮಾತ್ರಕ್ಕೆ ಅದನ್ನು ಕೊಂಡೊಯ್ಯುವ ಹಕ್ಕು ಅನ್ಯರಿಗೆ ಹುಟ್ಟುವುದಿಲ್ಲ. ಬಾಗಿಲು ತೆರೆದಿಟ್ಟ ಮನೆ ಸುಲಿಗೆಗೆ ಕೊಟ್ಟ ಆಮಂತ್ರಣವಲ್ಲ.

ಕಾನೂನು ಏನನ್ನುತ್ತದೆ? ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೧೭ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ತೆಗೆಸಿದವನೇ ಮೊದಲ ಸ್ವಾಮಿ. ಇದನ್ನು ಬಲ್ಲ ಗಿರಾಕಿಗಳು ವಿರಳ. ಬಲ್ಲ ಸ್ಟುಡಿಯೋದವರು ಅದನ್ನು ಗಿರಾಕಿಗಳಿಗೆ ತಿಳಿಸುವುದು ಇನ್ನೂ ವಿರಳ. ಮದುಮಗಳ ಚಿತ್ರವನ್ನು ಆಕೆಯ ಮನೆಯವರನ್ನು ಕೇಳದೆ ತಮ್ಮ ವ್ಯಾಪಾರದ ಜಾಹೀರಾತಾಗಿ ಜಾಲತಾಣದಲ್ಲಿ ಹಾಕುವವರು ಈ ಕಲಮನ್ನೊಮ್ಮೆ ಓದಿಕೊಳ್ಳುವುದು ಒಳಿತು. ಆದರೆ ಬಿಟ್ಟಿಯಾಗಿ ತೆಗೆದ ಚಿತ್ರಕ್ಕೆ ತೆಗೆದವನೇ ಸ್ವಾಮಿ. ಕುಳಿತವರಿಗೆ ಈ ಕಾಯಿದೆಯಲ್ಲಿ ಸ್ಥಾನವಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಕ್ಕೊರಲಿನಿಂದ ಸಾರಿತು. ಇದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ತರುವಾಯ ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ ಬಂದಿತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಆದರೆ ವ್ಯಕ್ತಿಯು ತಾನಾಗಿಯೇ ಬಹಿರಂಗಪಡಿಸಿದ ಮಾಹಿತಿಗೆ ಆ ಕಾಯಿದೆ ಅನ್ವಯಿಸದು. ಇನ್ನೊಬ್ಬನು ತನ್ನ ಸ್ವಂತ ಇಲ್ಲವೆ ಮನೆಯ ಉದ್ದೇಶಕ್ಕಾಗಿ ಬಳಸಿದ್ದಕ್ಕೂ ಅನ್ವಯಿಸದು. ಎಂದರೆ, ನಾವೇ ಎಲ್ಲರಿಗೂ ಕಾಣುವಂತೆ ಹಾಕಿದ ಚಿತ್ರಕ್ಕೆ ಆ ಕಾಯಿದೆಯ ಬೇಲಿಯಿಲ್ಲ. ಈ ಕಂಡಿಯನ್ನು ಶಾಸನಸಭೆಯ ಪ್ರತಿನಿಧಿಗಳು ಮುಚ್ಚಬೇಕು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಪ್ರಯೋಜನವೇನು?

ನಮ್ಮ ವಾದಕ್ಕೆ ಒಂದು ಬಲವಾದ ಆಕ್ಷೇಪಣೆಯುಂಟು. ಎಲ್ಲದಕ್ಕೂ ಒಪ್ಪಿಗೆ ಬೇಕೆಂದರೆ ಇತಿಹಾಸದ ಚಿತ್ರಗಳೇ ಇಲ್ಲವಾಗುವುವು. ಲಾಠಿ ಎತ್ತಿದ ಅಧಿಕಾರಿಯ ಒಪ್ಪಿಗೆ ಕೇಳಿ ಚಿತ್ರ ತೆಗೆಯಲಾದೀತೆ, ಎಂದು ಕೇಳುವವರಿದ್ದಾರೆ. ಪತ್ರಿಕೆ ನಡೆಸುವ ನಮಗೆ ಈ ಮಾತಿನ ತೂಕ ಗೊತ್ತಿಲ್ಲದಿಲ್ಲ. ಅಧಿಕಾರವನ್ನು ಚಲಾಯಿಸುವವನ ಬಹಿರಂಗ ವರ್ತನೆ, ಸಭೆ ಮೆರವಣಿಗೆಗಳ ಜನಸಂದಣಿ, ಅನ್ಯಾಯಕ್ಕೆ ಸಾಕ್ಷಿಯಾದ ದೃಶ್ಯ, ಇವು ಸಾರ್ವಜನಿಕರ ಹಕ್ಕಿನ ವಸ್ತುಗಳು. ಬಲಿಷ್ಠನು ಮುಚ್ಚಿಡಲು ಒಪ್ಪಿಗೆಯ ನೆಪ ಹೂಡಿದರೆ ಅದನ್ನು ನಾವು ಮನ್ನಿಸುವುದಿಲ್ಲ. ಆದರೆ ಭಾವಚಿತ್ರದ ವಿಷಯವೇ ಬೇರೆ. ಸಂತೆಯಲ್ಲಿ ಕುಳಿತ ಮುದುಕಿಯ ಸುಕ್ಕುಗಟ್ಟಿದ ಮುಖವನ್ನು ಹತ್ತಿರದಿಂದ ತೆಗೆದು, ‘ಬಡತನ’ ಎಂದು ತಲೆಬರಹ ಕೊಟ್ಟು ಜಾಲತಾಣದಲ್ಲಿ ಪ್ರಶಂಸೆ ಸಂಪಾದಿಸುವ ತರುಣನು ಯಾವ ಅನ್ಯಾಯವನ್ನು ಬಯಲಿಗೆಳೆದಂತಾಯಿತು? ಆಕೆಗೆ ಹೆಸರಿದೆ, ಆಕೆ ಬಡತನದ ಪ್ರತಿಮೆಯಲ್ಲ. ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ (೧೯೨೩–೨೦೦೯) ಅವರು ತಮ್ಮ ಜೀವಮಾನವನ್ನೆಲ್ಲ ಸಾಮಾನ್ಯರ ಬಾಳನ್ನು ಚಿತ್ರಿಸುವುದರಲ್ಲಿಯೇ ಕಳೆದರು. ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ವಿಶ್ವಸಂಸ್ಥೆಯ ಕೇಂದ್ರದಲ್ಲಿಯೇ ನಡೆಯಿತು. ಅವರ ಚಿತ್ರಗಳನ್ನು ನೋಡಿದವರಿಗೆ ಅಲ್ಲಿರುವ ಬಡವರ ಮೇಲೆ ಕನಿಕರಕ್ಕಿಂತ ಮೊದಲು ಗೌರವ ಹುಟ್ಟುತ್ತದೆ. ಹೀಗೂ ತೆಗೆಯಬಹುದೆಂಬುದನ್ನು ನಮ್ಮವರೇ ತೋರಿಸಿಕೊಟ್ಟಿದ್ದಾರೆ.

ಹಾಗಾದರೆ ಆಗಬೇಕಾದುದೇನು? ಕೆಲವು ಸಲಹೆಗಳನ್ನು ಸಾರ್ವಜನಿಕರ ಮುಂದಿಡುತ್ತೇವೆ. ಸ್ಟುಡಿಯೋದವರು ಚಿತ್ರ ತೆಗೆಯುವ ರಶೀದಿಯಲ್ಲಿಯೇ, ‘ಈ ಚಿತ್ರವನ್ನು ನಮ್ಮ ಪ್ರಚಾರಕ್ಕೆ ಉಪಯೋಗಿಸಬಹುದೆ?’ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ, ದೊಡ್ಡಕ್ಷರಗಳಲ್ಲಿ ಅಚ್ಚುಹಾಕಿಸಿ, ಗಿರಾಕಿಯ ರುಜು ಪಡೆಯಬೇಕು. ಮೌನವನ್ನು ಸಮ್ಮತಿಯೆಂದು ಎಣಿಸಕೂಡದು. ಹವ್ಯಾಸಿಗಳು ಚಿತ್ರ ತೆಗೆದ ಮೇಲೆ ಅದನ್ನು ಕುಳಿತವರಿಗೆ ತೋರಿಸಿ, ಎಲ್ಲಿ ಹಾಕುತ್ತೇವೆ, ಯಾರು ಯಾರು ನೋಡಬಹುದು ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಒಂದು ಪ್ರತಿಯನ್ನು ಅವರಿಗೂ ಕೊಡಬೇಕು. ಒಪ್ಪಿದವರು ನಾಳೆ ಬೇಡವೆಂದರೆ ಕಾರಣ ಕೇಳದೆ ತೆಗೆಯಬೇಕು. ಆಸ್ಪತ್ರೆಯ ರೋಗಿ, ಅನ್ನದಾನದ ಪಂಕ್ತಿಯಲ್ಲಿ ಕುಳಿತವರು, ಸಹಾಯಕ್ಕಾಗಿ ಕೈಯೊಡ್ಡಿದವರು, ಇವರು ಬೇಡವೆನ್ನಲಾರದ ಸ್ಥಿತಿಯಲ್ಲಿರುತ್ತಾರೆ. ಅವರ ‘ಹೂಂ’ ಎಂಬುದನ್ನು ಒಪ್ಪಿಗೆಯೆಂದು ತಿಳಿಯುವುದು ಸಜ್ಜನರ ಲಕ್ಷಣವಲ್ಲ. ಶಾಲೆಗಳು ಮಕ್ಕಳ ಚಿತ್ರವನ್ನು ಹೆಸರು, ತರಗತಿ, ಊರುಗಳ ಸಮೇತ ಜಾಲತಾಣದಲ್ಲಿ ಹಾಕುವ ಪದ್ಧತಿಯನ್ನು ನಿಲ್ಲಿಸಬೇಕು. ತಂದೆತಾಯಿಗಳು ಮಗುವಿನ ಸ್ನಾನ, ಅಳು, ಹಟಗಳನ್ನು ಲೋಕಕ್ಕೆ ಬಿತ್ತರಿಸುವ ಮೊದಲು, ಈ ಮಗು ಇಪ್ಪತ್ತು ವರ್ಷದವನಾದಾಗ ಇದನ್ನು ನೋಡಿ ಏನೆಂದಾನು ಎಂದು ಒಂದು ಕ್ಷಣ ಯೋಚಿಸಬೇಕು. ಕೊನೆಯದಾಗಿ, ಅನ್ಯರ ಚಿತ್ರ ತಮ್ಮ ಮೊಬೈಲಿಗೆ ಬಂದಾಗ ಅದನ್ನು ಮುಂದಕ್ಕೆ ತಳ್ಳುವವರು ತಾವೂ ಪ್ರಕಾಶಕರೇ ಎಂಬುದನ್ನು ಅರಿಯಬೇಕು. ತಂದವನೊಬ್ಬನದೇ ತಪ್ಪು, ಹಂಚಿದವನದಲ್ಲವೆಂಬ ನ್ಯಾಯ ಎಲ್ಲಿಯೂ ಇಲ್ಲ.

ಇವುಗಳಲ್ಲಿ ಯಾವುದಕ್ಕೂ ಸರಕಾರದ ಅಪ್ಪಣೆಗಾಗಿ ಕಾಯಬೇಕಾಗಿಲ್ಲ, ಹಣವೂ ವೆಚ್ಚವಾಗುವುದಿಲ್ಲ. ಎರಡು ಮಾತು ಕೇಳುವ ಸೌಜನ್ಯವಿದ್ದರೆ ಸಾಕು. ಕೇಳಿದರೆ ಬೇಡವೆಂದಾರೆಂಬ ಭಯದಿಂದಲೇ ಹಲವರು ಕೇಳುವುದಿಲ್ಲ. ಆದರೆ ಬೇಡವೆನ್ನಲು ಬಿಡುವಿದ್ದಲ್ಲಿಯೇ ಬೇಕೆಂಬ ಮಾತಿಗೆ ಬೆಲೆ. ಮನಃಪೂರ್ವಕವಾಗಿ ಒಪ್ಪಿ ಕುಳಿತವರ ಮುಖದಲ್ಲಿ ಮೂಡುವ ಕಳೆಯನ್ನು ಕದ್ದು ತೆಗೆದ ಸಾವಿರ ಚಿತ್ರಗಳಲ್ಲಿ ಹುಡುಕಿದರೂ ಕಾಣೆವು. ಒಂದು ಕಾಲದಲ್ಲಿ ನಮ್ಮ ಜನರ ಮುಖಗಳನ್ನು ನಮ್ಮನ್ನು ಕೇಳದೆ ಪಟ್ಟಿಮಾಡಿದವರನ್ನು ನಾವು ಈ ನೆಲದಿಂದ ಬೀಳ್ಕೊಟ್ಟೆವು. ಅದೇ ಕೆಲಸವನ್ನು ನಮ್ಮ ಕೈಯಿಂದಲೇ, ನಮ್ಮ ನೆರೆಯವರ ಮೇಲೆಯೇ ನಡೆಯಗೊಡುವುದು ಸ್ವತಂತ್ರ ಪ್ರಜೆಗಳಿಗೆ ಭೂಷಣವಲ್ಲ. ಭಾವಚಿತ್ರದ ಕಲೆ ನಮ್ಮ ನಾಡಿನಲ್ಲಿ ಬೆಳೆಯಲಿ, ಊರೂರಿನಲ್ಲಿಯೂ ಅದರ ಪ್ರದರ್ಶನ ನಡೆಯಲಿ. ಆದರೆ ಪ್ರತಿಯೊಂದು ಚಿತ್ರದ ಹಿಂದೆಯೂ, ಅದರಲ್ಲಿರುವವರು ತಲೆಯೆತ್ತಿ ಕೊಟ್ಟ ಒಪ್ಪಿಗೆ ಇರಲಿ.